ಸೋಮವಾರದ ಗಾಡಿ

ನನ್ನ ಅಣ್ಣ ಕಾಜಿಕ್‌ಗೆ ಕಾರು ಓಡಿಸಲು ಬರುವುದಿಲ್ಲ. ಡೆಟ್ರಾಯಿಟ್ ಸೀಮೆಯಲ್ಲಿ ಹುಟ್ಟಿ, ಹರೆಯವನ್ನೆಲ್ಲ ಕಾರ್ಖಾನೆಯ ಲೈನಿನಲ್ಲಿ ಸವೆಸಿ, ಕಾರು ಓಡಿಸಲು ಬಾರದ ಗಂಡಸು ಇವನೊಬ್ಬನೇ ಇರಬೇಕು. ಹುಡುಗನಾಗಿದ್ದಾಗ ಅಪ್ಪ ಒಂದು ಸಲ ಸ್ಟಿಯರಿಂಗ್ ಹಿಡಿಸಿ ಕೂರಿಸಿದ್ದ. ಇವನು ಪಾದ್ರಿಗಳ ಮನೆಯ ಬೇಲಿಯನ್ನು ನೋಡುತ್ತಾ ನೋಡುತ್ತಾ ಗಾಡಿಯನ್ನು ಅದರೊಳಕ್ಕೇ ನುಗ್ಗಿಸಿದ. ಯಾಕೋ ಹೀಗೆ ಮಾಡಿದೆ ಎಂದರೆ ಬೇಲಿಯ ಮೇಲೆ ಹೂ ಬಿಟ್ಟಿತ್ತು ಅಂದನಂತೆ. ಇಂಥವನನ್ನು ಜನ ಊರೂರಿನಿಂದ ಹುಡುಕಿಕೊಂಡು ಬಂದು, ಈ ಹಳೇ ಗಾಡಿ ಅಸಲಿಯೋ ನಕಲಿಯೋ ಹೇಳಿ ಎಂದು ದುಂಬಾಲು ಬೀಳುತ್ತಾರೆ. ಅವನನ್ನು ಕೂರಿಸಿಕೊಂಡು ತಿರುಗುವ ಕರ್ಮ ನನ್ನದು. ನಾನು ಯಾದ್ಜಾ, ಅವನ ತಂಗಿ. ಮದುವೆಯಾಗದ ಅಣ್ಣನನ್ನು ಹ್ಯಾಮ್‌ಟ್ರಾಮಕ್‌ನ ನಮ್ಮ ಮನೆಯ ಮಹಡಿಯಲ್ಲಿಟ್ಟುಕೊಂಡು, ಹೊತ್ತುಹೊತ್ತಿಗೆ ಊಟ ಹಾಕಿ, ಊಟದ ಜೊತೆಗೆ ಬೈಗುಳವನ್ನೂ ಬಡಿಸುತ್ತಾ ಬಂದವಳು.

ಗಾಡಿಯ ಹೆಸರು ಕೆಸ್ಟ್ರೆಲ್. ಅರವತ್ತರ ದಶಕದ ಕೊನೆಯಲ್ಲಿ ಅದಿಲ್ಲದೆ ನಮ್ಮ ಓಣಿಯ ಹುಡುಗರಿಗೆ ಅನ್ನನೀರು ಇಳಿಯುತ್ತಿರಲಿಲ್ಲ. ಎರಡೇ ಬಾಗಿಲು, ಉದ್ದ ಮೂತಿ, ಆ ಮೂತಿಯೊಳಗೆ ಲಾರಿ ಎಳೆಯುವಂಥ ಎಂಜಿನ್. ಚಾಲೂ ಮಾಡಿದರೆ ನಮ್ಮ ಅಡುಗೆಮನೆಯ ಲೋಟಗಳು ಸದ್ದು ಮಾಡುತ್ತಿದ್ದವು. ಈಗ ಆ ಹುಡುಗರೆಲ್ಲ ತಲೆ ಬೋಳಾದ ಮುದುಕರು, ಗಾಡಿಗೆ ಮಾತ್ರ ಚಿನ್ನದ ಬೆಲೆ. ಬೆಲೆ ಬಂದ ಕಡೆ ಮೋಸವೂ ಬರುತ್ತದಲ್ಲ. ಅದೇ ಕೆಸ್ಟ್ರೆಲ್‌ನ ಸಣ್ಣ ಎಂಜಿನ್ನಿನ ಬಡಪಾಯಿ ಗಾಡಿಗಳು ಬೇರೆ ರಾಜ್ಯದ ಬೇರೆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಅಂಥದೊಂದನ್ನು ಹಿಡಿದು, ದೊಡ್ಡ ಎಂಜಿನ್ ಕೂರಿಸಿ, ಪಟ್ಟೆ ಬಳಿದು, ನಂಬರು ಕೊರೆದು, ಇದೇ ಅಸಲಿ ಎಂದು ಮಾರುವವರಿದ್ದಾರೆ. ಅಪ್ಪಟ ಹಗಲುವೇಷ. ದೊಡ್ಡ ಎಂಜಿನ್ನಿನ ಕೆಸ್ಟ್ರೆಲ್‌ನ ಮೈ ತಯಾರಾಗುತ್ತಿದ್ದುದು ಅಣ್ಣನ ಕಾರ್ಖಾನೆಯಲ್ಲಿ ಮಾತ್ರ, ಅದೂ ಬೆಳಗಿನ ಒಂದೇ ಪಾಳಿಯಲ್ಲಿ.

ಅಲ್ಲಿ ಅಣ್ಣನ ಕೆಲಸ ಹೀಗಿತ್ತು. ಬಣ್ಣ ಕಾಣದ ಬೋಳು ತಗಡಿನ ಮೈ ಲೈನಿನ ಮೇಲೆ ತೆವಳಿಕೊಂಡು ಬರುತ್ತಿತ್ತು. ಡಿಕ್ಕಿಯೊಳಗೆ ತಗಡಿಗೆ ತಗಡು ಕೂಡುವ ಸಂದಿಯಲ್ಲಿ ಮಳೆನೀರು ಇಳಿಯದಂತೆ ಬೂದು ಬಣ್ಣದ ಅಂಟು ಹಾಕಿ ಬೆರಳಿನಿಂದ ಉಜ್ಜಿ ಒತ್ತಬೇಕು. ಎಡಗಡೆಯ ಸಂದಿ ಇವನದು. ಬಲಗಡೆ ನಿಲ್ಲುತ್ತಿದ್ದವನು ಡೀಕನ್. ಅದು ಅವನ ನಿಜವಾದ ಹೆಸರಲ್ಲ. ಲೈನಿನಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿರುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಮುಂದೆ ನಿಂತು ಹಾಡುತ್ತಿದ್ದನಂತೆ, ಅದಕ್ಕೆ ಡೀಕನ್, ಅಂದರೆ ಪಾದ್ರಿಯ ಸಹಾಯಕ. ನಮ್ಮಣ್ಣನಿಗೆ ಏನು ಹೆಸರಿಟ್ಟಿದ್ದರೋ ನಾನು ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ.

ಡೀಕನ್ ಅಲಬಾಮಾದಿಂದ ಬಂದ ಕಪ್ಪು ಹುಡುಗ, ಇವನು ಪೋಲಿಷ್ ಹುಡುಗ. ತೆರೆದ ಡಿಕ್ಕಿಯ ಮೇಲೆ ಆ ಕಡೆಯೊಬ್ಬ ಈ ಕಡೆಯೊಬ್ಬ ಬಗ್ಗಿಕೊಂಡು ದಿನವಿಡೀ ಮಾತು. ಒಬ್ಬನ ಡಬ್ಬಿಯ ಊಟ ಇನ್ನೊಬ್ಬನಿಗೆ. ಗಂಟೆ ಹೊಡೆದ ಮೇಲೆ ಅವನ ಬಸ್ಸು ಪಶ್ಚಿಮಕ್ಕೆ, ಇವನ ನಡಿಗೆ ಉತ್ತರಕ್ಕೆ. ಆಗಿನ ಕಾಲ ಹಾಗಿತ್ತು, ಕಪ್ಪು ಜನರ ಬೀದಿ ಬೇರೆ, ಬಿಳಿಯರ ಬೀದಿ ಬೇರೆ. ಡೀಕನ್‌ನನ್ನು ತಂಗಿಯ ಮದುವೆಗೆ ಕರೆಯುತ್ತೇನೆ ಎಂದು ಅಣ್ಣ ಹೇಳಿದಾಗ, ಅಪ್ಪ ತಟ್ಟೆಯಿಂದ ತಲೆ ಎತ್ತದೆ ಬೇಡ ಅಂದುಬಿಟ್ಟ. ಅಪ್ಪನ ಎದುರು ಉಸಿರೆತ್ತುವ ಮನೆ ನಮ್ಮದಾಗಿರಲಿಲ್ಲ. ಕೆಲವು ವರ್ಷಗಳ ಮೇಲೆ ಕೆಲಸ ಕಡಿಮೆಯಾಗಿ ಒಂದಷ್ಟು ಜನರನ್ನು ತೆಗೆದಾಗ ಡೀಕನ್ ಇನ್ನೆಲ್ಲಿಗೋ ಹೋದ. ಹೆಸರೇ ಗೊತ್ತಿಲ್ಲದವನನ್ನು ಎಲ್ಲಿ ಅಂತ ಹುಡುಕುವುದು? ಅಣ್ಣ ಕೊನೆಯವರೆಗೂ ಅದೇ ಎಡಗಡೆಯ ಸಂದಿಯಲ್ಲಿ ಉಳಿದ.

ಅಣ್ಣ ಎಡಚ. ತೋರುಬೆರಳಿನಲ್ಲಿ ಅಂಟನ್ನು ಎಳೆದು ಕೊನೆಗೆ ಬೆರಳನ್ನು ಸಣ್ಣಗೆ ಮೇಲಕ್ಕೆ ಕೊಂಕಿಸುತ್ತಿದ್ದ. ಬೆರಳು ಉರಿಯುತ್ತಿದ್ದುದಕ್ಕೆ ಬಂದ ಅಭ್ಯಾಸ. ಆ ಕೊಂಕು ಒಣಗಿ, ಮೇಲೆ ಬಣ್ಣ ಕೂತು, ಕಾಲ ಕಳೆದರೂ ಹಾಗೇ ಉಳಿದಿದೆ. ಮೋಸಗಾರರು ನಂಬರು ಕೊರೆಯುತ್ತಾರೆ, ಗಾಡಿ ತಯಾರಾದ ತಾರೀಖಿರುವ ತಗಡಿನ ಬಿಲ್ಲೆ ಬದಲಾಯಿಸುತ್ತಾರೆ, ಹಳೆಯ ಮೊಳೆಗೆ ಹಳೆಯ ತುಕ್ಕು ಹಿಡಿಸುತ್ತಾರೆ. ಆದರೆ ಡಿಕ್ಕಿಯ ಕತ್ತಲ ಮೂಲೆಯಲ್ಲಿ ಯಾವನೋ ಬೆರಳಾಡಿಸಿದ ಗುರುತನ್ನು ನಕಲು ಮಾಡಬೇಕು ಎಂದು ಅವರಿಗೆ ಹೊಳೆಯುವುದೇ ಇಲ್ಲ. ಒಬ್ಬ ಗಾಡಿ ಹುಚ್ಚ ಹೇಗೋ ಅಣ್ಣನನ್ನು ಪತ್ತೆ ಮಾಡಿದ. ಅವನಿಂದ ಇನ್ನೊಬ್ಬನಿಗೆ ಸುದ್ದಿ ಹೋಯಿತು. ಹೀಗೆ ಇವನು ದೊಡ್ಡ ಮನುಷ್ಯನಾದ.

ಅಣ್ಣನ ಪರೀಕ್ಷೆ ನೋಡುವಂಥದು. ಬಾನೆಟ್ ಎತ್ತಬೇಡಿ ಎನ್ನುತ್ತಾನೆ. ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಡಿಕ್ಕಿಯೊಳಗೆ ಎಡಗೈ ಇಳಿಬಿಟ್ಟು, ಕಣ್ಣು ಮುಚ್ಚುತ್ತಾನೆ. ಸುತ್ತ ನಿಂತವರು ಉಸಿರು ಬಿಗಿ ಹಿಡಿಯುತ್ತಾರೆ. ಬೆರಳು ಹೌದು ಅಂದರೆ ಮಾತ್ರ ಬಿಲ್ಲೆಯ ಮೇಲಿನ ತಾರೀಖು ಓದಿಸುತ್ತಾನೆ. ತಾರೀಖು ಮೊದಲೇ ಗೊತ್ತಾದರೆ ಮನಸ್ಸು ಬೆರಳಿಗೆ ಹೇಳಿಕೊಡುತ್ತದೆ ಎನ್ನುವುದು ಅವನ ನೇಮ. ಬೆರಳು ಇಲ್ಲ ಅಂದರೆ ಮುಗಿಯಿತು, ತಾರೀಖಿನ ಗೊಡವೆಗೇ ಹೋಗುವುದಿಲ್ಲ.

ತಾರೀಖು ಓದಿದ ಮೇಲೆ ಅವನು ನಮ್ಮ ಜೊತೆ ಇರುವುದಿಲ್ಲ. ಕಣ್ಣು ಅರ್ಧ ಮುಚ್ಚಿ ಆ ದಿನದೊಳಕ್ಕೆ ಹೋಗಿಬಿಡುತ್ತಾನೆ. ಅವತ್ತು ಹೊಳೆಯ ಕಡೆಯಿಂದ ಮಂಜು ಬಂದಿತ್ತು, ಗೇಟಿನ ದೀಪ ಬೆಳಕಾದ ಮೇಲೂ ಉರಿಯುತ್ತಿತ್ತು ಎನ್ನುತ್ತಾನೆ. ಡೀಕನ್ ಹೊಸ ಟೋಪಿ ಹಾಕಿಕೊಂಡು ಬಂದಿದ್ದ, ಅಮ್ಮ ಡಬ್ಬಿಯಲ್ಲಿ ಕೋಸಿನ ಕಡುಬು ಇಟ್ಟಿದ್ದಳು, ಬಿಸಿಲು ಮೇಲಿನ ಕಿಟಕಿಯಿಂದ ಇಳಿದು ಸಾಲಾಗಿ ನಿಂತ ಬೋಳು ಮೈಗಳ ಮೇಲೆ ಹಾಲು ಚೆಲ್ಲಿದಂತೆ ಬಿದ್ದಿತ್ತು ಎನ್ನುತ್ತಾನೆ. ಕಾರ್ಖಾನೆ ಈಗಿಲ್ಲ. ಕೆಡವಿದ ಜಾಗದಲ್ಲಿ ಎದೆಯೆತ್ತರ ಹುಲ್ಲು, ಹುಲ್ಲಿನಲ್ಲಿ ಕಾಡುಕೋಳಿ. ಆದರೆ ಅಣ್ಣ ಡಿಕ್ಕಿಯೊಳಗೆ ಕೈಯಿಟ್ಟು ಮಾತಾಡುತ್ತಿದ್ದರೆ ನನಗೂ ಗಂಟೆ ಹೊಡೆದಂತೆ, ಗೇಟಿನಿಂದ ಜನ ಡಬ್ಬಿ ಬೀಸಿಕೊಂಡು ಹೊರಗೆ ಬಂದಂತೆ ಆಗುತ್ತದೆ. ಅವರ ನಡುವೆ ಅದೇ ಕಾರ್ಖಾನೆಯಲ್ಲಿ ದುಡಿದ ನಮ್ಮಪ್ಪನೂ ಇರುತ್ತಾನೆ. ಎಷ್ಟೋ ಸಲ ನಾನು ವ್ಯಾನಿಗೆ ಹೋಗಿ ಮೂಗು ಒರೆಸಿಕೊಂಡು ಬಂದದ್ದುಂಟು.

ಈ ಕೆಲಸಕ್ಕೆ ಕಾಸು ಮುಟ್ಟುವುದಿಲ್ಲ. ಕಾಫಿ, ಗಸಗಸೆ ಸುರುಳಿ ಇದ್ದರೆ ಸಾಕು. ಆದರೆ ಹಮ್ಮು ಮಾತ್ರ ಬೆಟ್ಟದಷ್ಟು. ನನ್ನ ಕೈ ತಪ್ಪಿಸಿಕೊಂಡು ಒಂದು ಕೆಸ್ಟ್ರೆಲ್ಲೂ ಗೇಟು ದಾಟಿಲ್ಲ ಎನ್ನುತ್ತಾನೆ. ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ, ಮಾತು ನಿಜವೇ. ಶನಿವಾರ ಭಾನುವಾರ ಊರಿನ ಮದುವೆಗಳಲ್ಲಿ ಅಕಾರ್ಡಿಯನ್‌ನಲ್ಲಿ ಪೋಲ್ಕಾ ಕುಣಿತದ ಹಾಡು ನುಡಿಸಿ ನುಡಿಸಿ, ಸೋಮವಾರ ಕಣ್ಣು ಕೆಂಡವಾಗಿದ್ದರೂ ಕೆಲಸಕ್ಕೆ ಹೋಗುತ್ತಿದ್ದ. ಹಾಗಾಗಿ ಅವನು ಇಲ್ಲ ಅಂದರೆ ಇಲ್ಲವೇ. ಟೊಲೀಡೊದಲ್ಲಿ ಹಲ್ಲಿನ ಡಾಕ್ಟರೊಬ್ಬರು ಜೀವದಂತೆ ಸಾಕಿದ್ದ ಗಾಡಿಯನ್ನು ಅಣ್ಣ ಮುಟ್ಟಿ ಇಲ್ಲವೆಂದು ತಲೆಯಾಡಿಸಿದಾಗ ಆ ಮನುಷ್ಯ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಅಣ್ಣ ಟೋಪಿ ಹಾಕಿಕೊಂಡು ನಡಿ ಯಾದ್ಜಾ ಅಂದ.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಹ್ಯಾಲ್ವರ್ಸನ್ ಎಂಬವರು ಫೋನು ಮಾಡಿದರು. ಒಹಾಯೋದಲ್ಲಿ ಹಳೇ ಗಾಡಿಗಳ ಮ್ಯೂಸಿಯಂ ನೋಡಿಕೊಳ್ಳುವವರು. ಮಾತು ಮೆದು, ಮನುಷ್ಯ ಒಳ್ಳೆಯವರು. ಡೆಟ್ರಾಯಿಟಿನ ಪಶ್ಚಿಮಕ್ಕೆ ಒಬ್ಬ ಹೆಂಗಸು ಗಂಡನ ಕೆಸ್ಟ್ರೆಲ್ ಮಾರುತ್ತಿದ್ದಾರೆ, ಮ್ಯೂಸಿಯಮ್ಮಿಗೆ ತೆಗೆದುಕೊಳ್ಳುವ ಮನಸ್ಸಿದೆ, ಆದರೆ ಬಿಲ್ಲೆಯ ಮೊಳೆಗಳನ್ನು ಯಾರೋ ಬಿಚ್ಚಿ ಮತ್ತೆ ಹೊಡೆದಿದ್ದಾರೆ, ದುದೆಕ್ ಅವರು ಒಮ್ಮೆ ಮುಟ್ಟಿ ಹೇಳಿದರೆ ಧೈರ್ಯ ಎಂದರು. ದುದೆಕ್ ಅವರು ಆಗ ನಮ್ಮ ಅಡುಗೆಮನೆಯಲ್ಲಿ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದರು.

ಆ ಹೆಂಗಸಿನ ಹೆಸರು ವರ್ನೀಸ್ ಗೇದರ್ಸ್. ಎತ್ತರದ ಆಳು, ಬೆಳ್ಳಗಾದ ಕೂದಲು, ಚರ್ಚಿಗೆ ಹೊರಟವರಂತೆ ಇಸ್ತ್ರಿ ಮಾಡಿದ ಉಡುಪು. ನಮಗೂ ಮೊದಲೇ ಬಂದು ಕಾದಿದ್ದ ಹ್ಯಾಲ್ವರ್ಸನ್ನರಿಗೂ ಗ್ಯಾರೇಜಿನಲ್ಲೇ ಕುರ್ಚಿ ಹಾಕಿ ಕಾಫಿ ಕೊಟ್ಟರು. ಕಪ್ಪು ಜನರ ಆ ಬೀದಿಯಲ್ಲಿ ನಮ್ಮ ಬಿಳಿ ಮುಖಗಳನ್ನು ನೋಡಿ ಎದುರು ಮನೆಯವನು ಎಲೆ ಗುಡಿಸುವುದನ್ನೇ ನಿಲ್ಲಿಸಿದ್ದ. ಗಾಡಿ ಕಡುಹಸಿರು. ಹೊಗೆ ಬಣ್ಣದ ಬೆಳಕಿನಲ್ಲಿ ಅದು ಮಲಗಿದ ದನದ ಹಾಗೆ ನೆಮ್ಮದಿಯಾಗಿ ಕೂತಿತ್ತು.

ವರ್ನೀಸ್ ಸುತ್ತಿ ಬಳಸಿ ಮಾತಾಡುವವರಲ್ಲ. ಮಂಡಿ ಹೋಗಿದೆ, ಮೆಟ್ಟಿಲಿಲ್ಲದ ಸಣ್ಣ ಮನೆಗೆ ಹೋಗಬೇಕು, ಅಲ್ಲಿ ಗ್ಯಾರೇಜಿಲ್ಲ ಅಂದರು. ಗಂಡ ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಮ್ಯೂಸಿಯಮ್ಮಿನವರು ಬೇಡ ಅಂದರೆ ಇನ್ನು ಉಳಿದಿರುವ ಗಿರಾಕಿ ಒಬ್ಬನೇ, ಗಾಡಿ ಬಿಚ್ಚಿ ಬಿಡಿಭಾಗ ಮಾರುವವನು.

"ಅವನ ಕೈಗೆ ಮಾತ್ರ ಕೊಡಲ್ಲ ಅಂತ ನಮ್ಮನೆಯವರಿಗೆ ಮಾತು ಕೊಟ್ಟಿದ್ದೀನಿ. ಇದು ನಾನು ಮಾಡಿದ ಗಾಡಿ ಅಂತ ಅವರು ಸಾಯೋವರೆಗೂ ಹೇಳ್ತಿದ್ರು. ನೋಡಿ ಹೇಳಿ."

ಅಣ್ಣ ಟೋಪಿ ಕೊಟ್ಟ. ಡಿಕ್ಕಿ ತೆರೆದರು. ಬಲಗಡೆಯ ಮೂಲೆ ಕಂಡ ಕೂಡಲೇ ಅವನ ಹುಬ್ಬು ಗಂಟಾಯಿತು. ಅಲ್ಲಿನ ತಗಡು ಹೊಸದು, ಅಂಟು ಮಿಷಿನ್ನಿನಿಂದ ಹಾಕಿದ್ದು, ಗೆರೆ ಎಳೆದಷ್ಟು ನೇರ. ಯಾವನೋ ಹಿಂದಿನಿಂದ ಗುದ್ದಿದ, ಆಗ ಬದಲಾಯಿಸಿದ್ದು ಎಂದರು ವರ್ನೀಸ್. ಸರಿ, ಅಂಥದ್ದು ಆಗುತ್ತದೆ. ಅಣ್ಣ ಎಡಗಡೆಗೆ ಕೈಯಿಟ್ಟು ಕಣ್ಣು ಮುಚ್ಚಿದ. ಬೆರಳು ಅತ್ತ ಹೋಯಿತು, ಇತ್ತ ಬಂತು, ಬಿಸಿ ತಾಗಿದಂತೆ ಹಿಂದಕ್ಕೆ ಬಂತು. ಇದು ನನ್ನದಲ್ಲ ಅಂದ. ಯಾರೋ ಹೆಬ್ಬೆರಳಲ್ಲಿ ತಿಕ್ಕಿದ್ದಾರೆ, ಕೊಂಕಿಲ್ಲ, ಓಟವೂ ತಿರುಗಾಮುರುಗಾ. ಬಲಗಡೆಯಂತೆ ಎಡಗಡೆಯೂ ಆಮೇಲೆ ಮಾಡಿಸಿದ್ದು, ದೊಡ್ಡ ಎಂಜಿನ್ನಿನ ಮೈ ಇದಲ್ಲ. ಹಾಗೆಂದು ಟೋಪಿಗೆ ಕೈ ಚಾಚಿದ.

ಹ್ಯಾಲ್ವರ್ಸನ್ ನಿಟ್ಟುಸಿರು ಬಿಟ್ಟರು. ಆ ಹೆಂಗಸು ಅಳಲಿಲ್ಲ, ಕೂಗಲಿಲ್ಲ. ಕಾಫಿಯ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಣ್ಣನನ್ನೇ ನೋಡಿದರು.

"ಹಾಗಾದ್ರೆ ನಮ್ಮನೆಯವರು ನಂಗೆ ಜನ್ಮವಿಡೀ ಸುಳ್ಳು ಹೇಳಿದ್ರಾ?"

ಅಣ್ಣ ತಡವರಿಸಿದ. ನಿಮ್ಮವರೂ ಅಲ್ಲೇ ಇದ್ದಿರಬಹುದು, ಆದರೆ ಅಲ್ಲಿ ಸಾವಿರಾರು ಜನ, ಗೇದರ್ಸ್ ಅನ್ನುವವರು ನನಗೆ ಗೊತ್ತಿಲ್ಲ ಎಂದ. ಎಡಗಡೆ ಸಂದಿಯ ಹತ್ತಿರ ನನ್ನ ಬಿಟ್ಟು ಇನ್ನೊಬ್ಬರು ನಿಂತಿದ್ದೇ ಇಲ್ಲ ಎಂದೂ ಸೇರಿಸಿದ. ಮೆದುವಾಗಿಯೇ ಹೇಳಿದ, ಆದರೆ ಹೇಳಿದ. ನನಗೆ ಅವನ ಮೇಲೆ ಉರಿದುಹೋಯಿತು. ನಿಜವಾದರೂ ಹೀಗೆ ಮೊಳೆ ಹೊಡೆದಂತೆ ಹೇಳಬೇಕೇ? ಗಂಡನ ಬಟ್ಟೆ ಇನ್ನೂ ಗೂಟದಿಂದ ಇಳಿದಿಲ್ಲ. ಗೋಡೆಯ ಮೇಲೆ ನೀಲಿ ಅಂಗಿ ನೇತಾಡುತ್ತಿತ್ತು, ತೋಳು ಮಡಚಿದ ಹಾಗೇ.

ಹ್ಯಾಲ್ವರ್ಸನ್ ತಮ್ಮ ಕಾಗದ ಮಡಚುತ್ತಾ, ಪಾಪ, ಏನಾದರೂ ಮಾತಾಡಬೇಕಲ್ಲ ಎಂದು, ಬಿಲ್ಲೆಯ ತಾರೀಖು ಮಾತ್ರ ಚೆನ್ನಾಗಿ ಹೊಂದುತ್ತಿತ್ತು ಅಂದರು. ಅರವತ್ತೊಂಬತ್ತರ ಅಕ್ಟೋಬರ್ ಇಪ್ಪತ್ತು, ಸೋಮವಾರ.

ಆ ತಾರೀಖು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಹದಿನೆಂಟನೇ ತಾರೀಖು ಶನಿವಾರ ನನ್ನ ಮದುವೆ. ನಮ್ಮಲ್ಲಿ ಮದುವೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಭಾನುವಾರವೂ ಅದೇ ಜನ, ಅದೇ ಛತ್ರ, ಉಳಿದದ್ದು ತಿಂದು ಕುಡಿದು ಮತ್ತೆ ಕುಣಿಯಬೇಕು. ಬಾರಿಸುವವರು ಬೇರೆ ಯಾರೂ ಇಲ್ಲ, ಅಣ್ಣನೇ. ಸೋಮವಾರ ಬೆಳಕು ಹರಿಯುವಾಗ ಛತ್ರದಿಂದಲೇ ನೆಟ್ಟಗೆ ಕಾರ್ಖಾನೆಗೆ ಹೋದ. ಮದುವೆಯ ಅಂಗಿಯಲ್ಲೇ ಹೋದ ಎಂದು ಅಮ್ಮ ಸಾಯುವವರೆಗೂ ಬೈಯುತ್ತಿದ್ದಳು.

"ಅಣ್ಣ," ಅಂದೆ, "ಅದು ನನ್ನ ಮದುವೆ ಮಾರನೇ ಸೋಮವಾರ ಕಣೋ. ಎರಡು ದಿನ ಆ ಅಕಾರ್ಡಿಯನ್ ಹಿಂಡಿ ಹಿಂಡಿ ಹಾಕಿದ್ದೆ. ಅವತ್ತು ನಿಂಗೆ ಎಡಗೈ ಯಾವುದು ಬಲಗೈ ಯಾವುದು ಗೊತ್ತಾಗಿತ್ತಾ?"

ವರ್ನೀಸ್ ಬಟ್ಟಲನ್ನು ಕೆಳಗಿಟ್ಟರು. ನಿಧಾನಕ್ಕೆ ಎದ್ದು ಬಂದು ಅಣ್ಣನ ಮುಖದ ಹತ್ತಿರ ನಿಂತರು.

"ಅಕಾರ್ಡಿಯನ್ನಾ? ನೀವು ಪೋಲ್ಕಾನಾ?"

ಅಣ್ಣನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆ ಅಡ್ಡಹೆಸರು ನಾನು ಅವತ್ತೇ ಮೊದಲು ಕೇಳಿದ್ದು. ಹಾಗೆ ಕರೀತಿದ್ದೋನು ಒಬ್ಬನೇ ಅಂದ ಅಣ್ಣ. ಗೋಡೆಯ ಮೇಲಿನ ನೀಲಿ ಅಂಗಿಯನ್ನು ನೋಡಿದ, ಅದರ ಮಡಚಿದ ತೋಳು ನೋಡಿದ.

"ಡೀಕನ್?"

"ಲೂಷಿಯಸ್ ಗೇದರ್ಸ್," ಅಂದರು ವರ್ನೀಸ್. "ನಿಮಗೆ ಡೀಕನ್."

ಅಣ್ಣ ಟೋಪಿಯನ್ನು ನನಗೆ ಕೊಡುವುದನ್ನೂ ಮರೆತು ನೆಲಕ್ಕೆ ಬಿಟ್ಟು ಡಿಕ್ಕಿಯೊಳಗೆ ಬಗ್ಗಿದ. ಈ ಸಲ ಹೆಬ್ಬೆರಳು ಇಟ್ಟ. ಎಡಗೈಯದಲ್ಲ, ಬಲಗೈಯದು, ಡೀಕನ್ ಒತ್ತುತ್ತಿದ್ದ ಹಾಗೆ. ಕಣ್ಣು ಮುಚ್ಚಿ ಆ ಗುರುತಿನ ಗುಂಡಿಯಲ್ಲಿ ಹೆಬ್ಬೆರಳಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದ. ಹೊರಗೆ ಯಾರೋ ಎಲೆ ಗುಡಿಸುವ ಸದ್ದು ಮತ್ತೆ ಶುರುವಾಗಿತ್ತು. ಗ್ಯಾರೇಜಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಅಣ್ಣನ ಭುಜ ಅಲುಗುತ್ತಿತ್ತು. ಅವನು ಅಳುತ್ತಿದ್ದಾನೆಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತೇ ಹಿಡಿಯಿತು, ಯಾಕೆಂದರೆ ಅಮ್ಮ ಹೋದಾಗಲೂ ಅವನು ಅತ್ತದ್ದನ್ನು ನಾನು ನೋಡಿಲ್ಲ.

ತಲೆ ಎತ್ತಿದಾಗ ಅವನು ಮೊದಲು ನೋಡಿದ್ದು ವರ್ನೀಸ್ ಕಡೆ. ಇದನ್ನ ಲೈನಿನವರಲ್ಲದವರ ಮುಂದೆ ಹೇಳಬಾರದು ಅಂದ. ಅಂದಿನಿಂದ ಇಂದಿನವರೆಗೆ ಒಡಹುಟ್ಟಿದ ನನಗೂ ಹೇಳಿರಲಿಲ್ಲ.

"ಹೇಳಿ ಪೋಲ್ಕಾ," ಅಂದರು ಆಕೆ. "ಅವರಿನ್ನು ಯಾವ ಮೇಸ್ತ್ರಿ ಕೈಗೂ ಸಿಗಲ್ಲ."

ಆಗ ಹೇಳಿದ. ಲೈನಿನಲ್ಲಿ ಒಂದು ಒಳ ಒಪ್ಪಂದ ಇರುತ್ತಿತ್ತು. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬ ಎರಡು ಕೆಲಸವನ್ನೂ ಮಾಡುವುದು, ಇನ್ನೊಬ್ಬ ಮಾಯವಾಗುವುದು. ಎಡಗಡೆ ಒತ್ತಿ, ಓಡಿ ಬಂದು ಬಲಗಡೆ ಒತ್ತಿ, ಅಷ್ಟರಲ್ಲಿ ಮುಂದಿನ ಗಾಡಿ. ಮೇಸ್ತ್ರಿಗೆ ಗೊತ್ತಾದರೆ ಇಬ್ಬರ ಕೆಲಸವೂ ಹೋಯಿತು. ಸೋಮವಾರ ಬೆಳಿಗ್ಗೆ ಅಣ್ಣನಿಗೆ ಕಣ್ಣು ಎಳೆಯುತ್ತಿದ್ದರೆ, ಹೋಗೋ ಪೋಲ್ಕಾ, ಮಲಗು ಹೋಗು ಎನ್ನುತ್ತಿದ್ದ ಡೀಕನ್. ಸೀಟಿನೊಳಗೆ ತುಂಬುವ ಸ್ಪಂಜಿನ ರಾಶಿಯ ಹಿಂದೆ ಒಂದು ಗೂಡು ಮಾಡಿಟ್ಟಿದ್ದರು. ಊಟದ ಗಂಟೆಯವರೆಗೆ ಅಲ್ಲಿ ನಿದ್ದೆ.

ಹ್ಯಾಲ್ವರ್ಸನ್ ಮೆಲ್ಲಗೆ, ಹಾಗಾದರೆ ಆ ದಿನ ನೀವು, ಎಂದು ಅರ್ಧಕ್ಕೆ ನಿಲ್ಲಿಸಿದರು.

"ನಾನು ಮಲಗಿದ್ದೆ ಸಾರ್. ತಂಗಿ ಮದುವೆ ಮಾಡಿ ಬಂದಿದ್ದೆ. ಮದುವೆಗೆ ಅವನನ್ನ ಕರೆದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದ್ರೂ ಹೋಗಿ ಮಲಗು ಅಂದ. ಈ ಗಾಡಿ ಅಸಲಿ. ಇದು ಡೀಕನ್ ಕೈ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ಎಚ್ಚರವಿದ್ದ ಒಂದೊಂದು ದಿನವೂ ಅವನಿಗೆ ನೆನಪಿತ್ತು, ಮಂಜು ನೆನಪಿತ್ತು, ಟೋಪಿ ನೆನಪಿತ್ತು. ಮಲಗಿದ್ದ ಹೊತ್ತು ಮಾತ್ರ ನೆನಪಿನಲ್ಲಿ ಎಲ್ಲೂ ಇರಲಿಲ್ಲ. ನಿದ್ದೆಯನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ? ನನ್ನ ಕೈ ತಪ್ಪಿಸಿಕೊಂಡು ಒಂದು ಗಾಡಿಯೂ ಹೋಗಿಲ್ಲ ಎಂದು ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ. ಬೇರೆ ಹೊತ್ತಾಗಿದ್ದರೆ ಆಡಿಕೊಂಡು ನಗುತ್ತಿದ್ದೆ. ಅವತ್ತು ನನಗೆ ನನ್ನ ಮದುವೆಯ ಊಟ ನೆನಪಾಯಿತು. ಬಾತುಕೋಳಿ, ಕಡುಬು, ಮೂರು ಅಂತಸ್ತಿನ ಕೇಕು, ಊರಿಗೆ ಊರೇ ಉಂಡಿತು. ಕರೆಯದೇ ಬಿಟ್ಟವನೊಬ್ಬ ಎರಡು ಕಡೆ ಓಡಾಡುತ್ತಾ ನಮ್ಮಣ್ಣನ ಕೆಲಸ ಉಳಿಸುತ್ತಿದ್ದ.

ಲೂಷಿಯಸ್ ಈ ಗಾಡಿಯನ್ನು ಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಯಾರದೋ ಹಿತ್ತಲಲ್ಲಿ ಕಂಡು ಎಂದರು ವರ್ನೀಸ್. ಡಿಕ್ಕಿ ತೆರೆದು ನೋಡಿದರೆ ಎರಡು ಕಡೆಯೂ ತನ್ನದೇ ಹೆಬ್ಬೆರಳು. ಪೋಲ್ಕಾ ಮಲಗಿದ್ದಾಗ ಮಾಡಿದ್ದು ಕಣೇ ಎಂದು ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ಬಲಗಡೆ ಗುದ್ದಿಸಿಕೊಂಡು ಹಾಳಾದ ದಿನ ಊಟ ಮಾಡಿರಲಿಲ್ಲವಂತೆ. ಹಸಿರು ಬಣ್ಣ ಬಳಿಯುವಾಗ ಬಿಲ್ಲೆ ಬಿಚ್ಚಿ ಮತ್ತೆ ಹೊಡೆದದ್ದೂ ಅವರೇ.

ಇಷ್ಟೆಲ್ಲ ಆದ ಮೇಲೆ, ಸಾಲ ಇಟ್ಟುಕೊಂಡವನಲ್ಲ ನಾನು, ಶುಕ್ರವಾರ ಊಟವಾದ ಮೇಲೆ ಅವನ ಪಾಲಿನದೂ ನಾನೇ ಮಾಡ್ತಿದ್ದೆ ಎಂದು ಅಣ್ಣ ಮಗುವಿನ ಹಾಗೆ ಹೇಳಿಕೊಂಡ. ಪಾಪ, ವಾರವೆಲ್ಲ ದುಡಿದು ದಣಿದಿರುತ್ತಿದ್ದ, ಅದೇ ಗೂಡಿನಲ್ಲಿ ಮಲಗುತ್ತಿದ್ದ ಅಂದ.

ವರ್ನೀಸ್ ಮುಖದಲ್ಲಿ ನಗು ಮೂಡಿದ್ದು ಆಗ. ಅವರ ವಯಸ್ಸೇ ಕರಗಿದಂತಾಯಿತು.

"ಮಲಗ್ತಿರಲಿಲ್ಲ. ಸಾಮಾನು ಇಳಿಸೋ ಬಾಗಿಲಿಂದ ಆಚೆ ಬಂದುಬಿಡ್ತಿದ್ರು. ನಾನು ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಇದ್ದೆ. ನಂಗೆ ಶುಕ್ರವಾರ ಮಧ್ಯಾಹ್ನ ರಜ. ನನ್ನ ಹತ್ರ ಬರ್ತಿದ್ರು."

ಅಣ್ಣ ಬಾಯಿ ಬಿಟ್ಟುಕೊಂಡು ನಿಂತ. ನಾನು ನಕ್ಕೆ, ವರ್ನೀಸ್ ನಕ್ಕರು, ಕೊನೆಗೆ ಹ್ಯಾಲ್ವರ್ಸನ್ನರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕಾಫಿ ಮತ್ತೆ ಬಂತು.

ಗಾಡಿ ಮ್ಯೂಸಿಯಮ್ಮಿಗೆ ಹೋಯಿತು. ಅದರ ಪಕ್ಕದ ಹಲಗೆಯ ಮೇಲೆ ಏನು ಬರೆಯಬೇಕೆಂದು ಹ್ಯಾಲ್ವರ್ಸನ್ ಕೇಳಿದಾಗ ಅಣ್ಣ ಹಟ ಹಿಡಿದು ಎರಡು ಸಾಲು ಬರೆಸಿದ. ಡಿಕ್ಕಿಯ ಎಡಗಡೆಯ ಸಂದಿ ಲೂಷಿಯಸ್ ಗೇದರ್ಸ್ ಅವರ ಕೈಯದು. ಆ ಹೊತ್ತಿನಲ್ಲಿ ಕ್ಯಾಸಿಮಿರ್ ದುದೆಕ್ ನಿದ್ದೆ ಮಾಡುತ್ತಿದ್ದರು. ಕ್ಯಾಸಿಮಿರ್ ಎಂದರೆ ನಮ್ಮ ಕಾಜಿಕ್‌ನ ಪೂರ್ತಿ ಹೆಸರು. ನಮ್ಮ ವಂಶದಲ್ಲಿ ಮ್ಯೂಸಿಯಂ ಹಲಗೆಯ ಮೇಲೆ ಹೆಸರು ಬಂದದ್ದು ಇವನೊಬ್ಬನದೇ, ಅದೂ ಮಲಗಿದ್ದಕ್ಕೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ ಕಾಣೆ.

ಚಳಿಗಾಲವೆಲ್ಲ ನಾವು ಅಣ್ಣನಿಂದ ಇಲ್ಲ ಅನ್ನಿಸಿಕೊಂಡವರ ಮನೆಗಳಿಗೇ ತಿರುಗಿದೆವು. ಟೊಲೀಡೊದ ಡಾಕ್ಟರು ಬಾಗಿಲು ತೆರೆದು ಅಣ್ಣನನ್ನು ಕಂಡು ಮುಖ ಗಂಟಿಕ್ಕಿದರು. ಇವನು ಟೋಪಿ ಎದೆಗೊತ್ತಿಕೊಂಡು, ತಪ್ಪಾಯ್ತು, ಇನ್ನೊಂದು ಸಲ ಮುಟ್ಟಲು ಬಿಡಿ ಅಂದ. ಅದೂ ಸೋಮವಾರದ ಗಾಡಿಯೇ, ಎರಡು ಕಡೆಯೂ ಡೀಕನ್. ಆ ಮನುಷ್ಯ ಈ ಸಲವೂ ಅದೇ ಮೆಟ್ಟಿಲ ಮೇಲೆ ಕೂತರು, ಸಂತೋಷಕ್ಕೆ. ಒಂದೆರಡು ಗಾಡಿ ನಿಜವಾಗಿಯೂ ಹಗಲುವೇಷವೇ. ಅವಕ್ಕೆ ಮತ್ತೊಮ್ಮೆ ಇಲ್ಲ ಅಂದ, ಆದರೆ ಈಗ ಹೇಳುವ ರೀತಿ ಬೇರೆ, ಪಕ್ಕದಲ್ಲಿ ಕೂತು ಕಾಫಿ ಕುಡಿದು ಹೇಳುತ್ತಾನೆ.

ಹಿಮ ಕರಗುವ ಹೊತ್ತಿಗೆ ಲ್ಯಾನ್ಸಿಂಗ್ ಹತ್ತಿರದ ಒಂದು ತೋಟದ ಕೊಟ್ಟಿಗೆಯಲ್ಲಿ ಕೆಸ್ಟ್ರೆಲ್ ಇದೆಯೆಂದು ಕರೆ ಬಂತು. ಹುಲ್ಲಿನ ವಾಸನೆ, ಮಾಡಿನ ಸಂದಿಯಿಂದ ಬಿಸಿಲು. ಅಣ್ಣ ಎಡಗಡೆ ಮುಟ್ಟಿದ. ಕೊಂಕು ಸಿಕ್ಕಿತು. ಮೊದಲಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ಬಲಗಡೆಯನ್ನೂ ಮುಟ್ಟುತ್ತಾನೆ. ಅಲ್ಲೂ ಅವನದೇ ಕೊಂಕು, ಆತುರದಲ್ಲಿ ಎಳೆದದ್ದು, ಓಡಿ ಬಂದು ಏದುಸಿರಲ್ಲಿ ಎಳೆದದ್ದು. ತಾರೀಖು ಓದಿಸಿದ. ಎಪ್ಪತ್ತರ ಮಾರ್ಚ್ ಹದಿಮೂರು, ಶುಕ್ರವಾರ. ಅವತ್ತಿನ ಮಂಜನ್ನೋ ಬಿಸಿಲನ್ನೋ ಹೇಳುತ್ತಾನೆಂದು ನಾನು ಕಾದೆ. ಅವನು ನನ್ನ ಫೋನಿಗೆ ಕೈ ಚಾಚಿದ.

ವರ್ನೀಸ್ ಎತ್ತಿದರು. ಅಣ್ಣ ತಾರೀಖು ಹೇಳಿ, ಎರಡೂ ಕಡೆ ನನ್ನದೇ ತಾಯಿ, ಅವತ್ತು ಅವನು ನಿಮ್ಮ ಹತ್ರ ಇದ್ದ ಅಂದ. ಆಕೆಯ ದನಿ ನನಗೂ ಕೇಳಿಸಿತು.

"ಹದಿಮೂರನೇ ತಾರೀಖು, ಅದೂ ಶುಕ್ರವಾರ. ಕೆಟ್ಟ ದಿನ, ಇವತ್ತು ಏನೂ ಕೇಳಬೇಡಿ ಅಂದೆ. ನದಿ ದಂಡೆ ಮೇಲೆ ಕೂತು ಕರಿದ ಮೀನು ತಿಂತಿದ್ವಿ. ಕೈ ಒರೆಸಿಕೊಂಡು, ನನ್ನ ಮದುವೆ ಆಗ್ತೀಯಾ ಅಂದ್ರು."

ಅಣ್ಣ ಡಿಕ್ಕಿಯ ಅಂಚು ಹಿಡಿದುಕೊಂಡ. ಫೋನು ಕಿವಿಗಿಟ್ಟುಕೊಂಡೇ ಬಲಗಡೆಯ ಆ ಆತುರದ ಗೆರೆಯ ಮೇಲೆ ಇನ್ನೊಮ್ಮೆ, ಈ ಕೊನೆಯಿಂದ ಆ ಕೊನೆಯವರೆಗೆ, ಬೆರಳು ಎಳೆದು ನೋಡಿದ.

"ಅವಸರದಲ್ಲಿ ಮಾಡಿದ್ದೀನಿ ತಾಯಿ," ಅಂದ. "ಆದ್ರೆ ಚೆನ್ನಾಗೇ ಒತ್ತಿದ್ದೀನಿ. ಇವತ್ತಿನವರೆಗೂ ಒಂದು ಹನಿ ನೀರು ಇಳಿದಿಲ್ಲ."